‘ಮರೆ’ ಎಂದು ಬರೆಯುವ ಮುನ್ನ
ಸಕಲೇಶಪುರದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಮದುವೆ ಕಾರ್ಡು, ತಿಥಿ ಕಾರ್ಡು, ಜಾತ್ರೆಯ ಕರಪತ್ರ ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಹೋದ ಮಳೆಗಾಲದಲ್ಲಿ ಹುಡುಗನೊಬ್ಬ ಅಜ್ಜಿಯ ತಿಥಿ ಕಾರ್ಡು ಬರೆದುಕೊಂಡು ಬಂದ. ಮೊದಲ ಸಾಲೇ ‘ನಮ್ಮನ್ನೆಲ್ಲ ಮರೆತ ಅಜ್ಜಿ’.

“ಅಜ್ಜಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತಾ ಮಗ?” ಅಂತ ಕೇಳಿದೆ.

“ಇಲ್ಲ ಅಕ್ಕ, ಕೊನೇ ದಿನಾನೂ ನನ್ನ ಹೆಸರು ಹಿಡಿದು ಕರೆದ್ರು.”

ಅವನ ಮನಸ್ಸಿನಲ್ಲಿದ್ದದ್ದು ‘ನಮ್ಮಿಂದ ಮರೆಯಾದ ಅಜ್ಜಿ’.

ಕನ್ನಡದಲ್ಲಿ ‘ಮರೆ’ ಎರಡಿವೆ. ನೆನಪು ಹೋಗುವ ‘ಮರೆ’ ಕ್ರಿಯಾಪದ. ಮರೆತ, ಮರೆಯುವ, ಮರೆಯಬೇಡ ಎಂದು ತಾನೇ ನಡೆಯುತ್ತದೆ. ಕಾಣದಂತೆ ಅಡ್ಡ ನಿಲ್ಲುವ ‘ಮರೆ’ ಇಂದಿನ ಕನ್ನಡದಲ್ಲಿ ನಾಮಪದ; ಅದು ನಡೆಯಬೇಕಾದರೆ ಆಗು, ಮಾಡು, ಮಾಚು ಜೊತೆಗಿರಬೇಕು. ಹಳಗನ್ನಡದಲ್ಲೂ ಎರಡಕ್ಕೂ ಒಂದೇ ಬರಹ, ಶಕಟರೇಫದ (ಈಗ ಬಳಕೆ ತಪ್ಪಿದ ಹಳೆಯ ರಕಾರ ‘ಱ’) ‘ಮಱೆ’. ಶ್ರವಣಬೆಳಗೊಳದ ಹಳೆಯ ಶಾಸನಗಳಲ್ಲಿ ಆ ‘ಱ’ ಇನ್ನೂ ಕಾಣುತ್ತದೆ. 1894ರ ಕಿಟ್ಟೆಲ್ ನಿಘಂಟೂ ಅದನ್ನು ಉಳಿಸಿಕೊಂಡಿದೆ. ಹಾಗಾಗಿ ಕಾಗುಣಿತ ನೋಡಿ ಬೇರೆ ಮಾಡಲಾಗದು, ಪಕ್ಕದಲ್ಲೇನಿದೆ ಎಂದು ನೋಡಬೇಕು.

ನಾನು ಮಾಡುವುದಿಷ್ಟೆ: ‘ಅಡ್ಡ’ ಎಂಬ ಮಾತು ಹೊಂದುತ್ತದೆಯೇ ಎಂದು ನೋಡುತ್ತೇನೆ. ‘ಸಿಲ್ವರ್ ಮರದ ಮರೆಗೆ ನಿಂತ’ ಎಂದರೆ ಮರವನ್ನು ಅಡ್ಡ ಮಾಡಿಕೊಂಡು ನಿಂತ, ಸರಿ. ಮಂಜು ಅಡ್ಡ ಬಂದು ಮಂಜರಾಬಾದ್ ಕೋಟೆ ಮರೆಯಾಯಿತು, ಅದೂ ಸರಿ. ಕೋಟೆ ಎಲ್ಲೂ ಹೋಗಿಲ್ಲ, ನಮ್ಮ ಕಣ್ಣಿಗೆ ಸಿಗುತ್ತಿಲ್ಲ ಅಷ್ಟೆ. ಸಾವಿಗೆ ಈ ಪದ ಒಪ್ಪುವುದು ಅದಕ್ಕೇ ಎಂದು ನನಗನ್ನಿಸುತ್ತದೆ. ತೀರಿಕೊಂಡವರಿಗೆ ‘ಕಣ್ಮರೆಯಾದರು’ ಎನ್ನಿ. ಮನೆ ಬಿಟ್ಟು ಹೋಗಿ ಪತ್ತೆ ಇಲ್ಲದವರಿಗೆ ‘ಕಾಣೆಯಾಗಿದ್ದಾರೆ’ ಎಂದೇ ಹಾಕಿ.

‘ಮರೆಮಾಚು’ ಬಳಸುವಾಗ ಕೈ ಸ್ವಲ್ಪ ಬಿಗಿ ಇರಲಿ. ಅದು ವಿಷಯಕ್ಕೆ, ತಪ್ಪಿಗೆ, ಲೆಕ್ಕಕ್ಕೆ ಹೇಳುವ ಮಾತು. ಮೋಸದ ವಾಸನೆ ಇದೆ. ಮಕ್ಕಳ ಕೈಗೆ ಸಿಗದಂತೆ ಅಮ್ಮ ಬೆಲ್ಲವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅದು ಬಚ್ಚಿಡುವುದು. ಹುಡುಗರು ಹುಲ್ಲಿನ ಬಣವೆ ಹಿಂದೆ ಅವಿತುಕೊಳ್ಳುತ್ತಾರೆ. ಬೇಟೆಗೆ ಹೀಗೆ ಸದ್ದಿಲ್ಲದೆ ಕಾಯುವುದಕ್ಕೆ ನಮ್ಮ ಮಲೆನಾಡಿನ ಹಿರಿಯರು ‘ಮರಸು ಕೂರೋದು’ ಅನ್ನುತ್ತಿದ್ದರು. ಎಷ್ಟು ಚೆಂದದ ಮಾತು! ಬೇಟೆ ನಿಂತರೂ ಈ ಮಾತು ಉಳಿಯಬೇಕೆಂದು ನನಗೆ ಬಹಳ ಆಸೆ.

‘ಎಲೆಮರೆಯ ಕಾಯಿ’ ಎಂದು ಸನ್ಮಾನದ ಕಾರ್ಡುಗಳಲ್ಲಿ ಬರೆಸುತ್ತಾರೆ. ಸದ್ದು ಮಾಡದೆ ದುಡಿದವರಿಗೆ ಮಾತ್ರ ಬರೆಸಿ. ನ್ಯಾಯ ಕೇಳಿ ಕೋರ್ಟಿಗೆ ಹೋದರೆ ಅದು ‘ಮೊರೆ’ ಹೋಗುವುದು, ‘ಮರೆ’ ಹೋಗುವುದಲ್ಲ.

ಒತ್ತಕ್ಷರದ ಮೇಲೂ ಕಣ್ಣಿರಲಿ. ಅಜ್ಜಿಯ ಆ ತಿಥಿ ಕಾರ್ಡಿನ ಕೊನೆಗೆ ಹುಡುಗ ‘ನಿಮ್ಮ ಕೈತುತ್ತನ್ನು ನಾವು ಮರೆಯಲ್ಲಿಲ್ಲ’ ಎಂದು ಬರೆದಿದ್ದ. ಮರೆಯಲ್ಲಿಲ್ಲ ಎಂದರೆ ಅಡಗಿಲ್ಲ ಎಂದಾಗುತ್ತದೆ. ಅವನೆದುರೇ ಒಂದು ಒತ್ತು ಹೊಡೆದುಹಾಕಿ ‘ಮರೆಯಲಿಲ್ಲ’ ಮಾಡಿದೆ. ಅವನು ಎರಡು ಸಲ ಮೆಲ್ಲಗೆ ಓದಿಕೊಂಡು, “ಹಾಕ್ಸಿ ಅಕ್ಕ” ಅಂದ.