ಸೂಪರ್‌ಚಾರ್ಜರ್ ಇರುವ ಸಣ್ಣ ಕಾರಿಗೆ ಯಾವ ಮಾರ್ಪಾಡು ಹೊಂದುತ್ತದೆ?

ಸೂಪರ್‌ಚಾರ್ಜರ್ (ಎಂಜಿನ್ನಿನಿಂದಲೇ ತಿರುಗುತ್ತಾ ಅದರೊಳಕ್ಕೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಸಣ್ಣ ಕಾರಿನ ಶಕ್ತಿಯನ್ನು ಹೆಚ್ಚಿಸಲು ಹೊರಟವರು ಬಿಡಿಭಾಗಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವುದನ್ನು ಹಾಕಿದರೆ ಎಷ್ಟು ಅಶ್ವಶಕ್ತಿ ಸಿಗುತ್ತದೆ ಎಂದು ಕೂಡಿಸುತ್ತಾ ಹೋಗುವುದು ವಾಡಿಕೆ. ಈ ಕೂಡಿಕೆ ದಾರಿ ತಪ್ಪಿಸುತ್ತದೆ, ಏಕೆಂದರೆ ಒಂದು ಭಾಗದಿಂದ ಎಷ್ಟು ಲಾಭ ಬರುತ್ತದೆ ಎಂಬುದನ್ನು ಅದರ ಸುತ್ತಲಿನ ಉಳಿದ ಭಾಗಗಳೇ ತೀರ್ಮಾನಿಸುತ್ತವೆ. ಪ್ರತಿಯೊಂದು ಮಾರ್ಪಾಡಿನ ಬಗ್ಗೆಯೂ ಮೊದಲು ಕೇಳಬೇಕಾದ ಪ್ರಶ್ನೆ, ಅದರಿಂದ ಎಂಜಿನ್ನಿಗೆ ಹೋಗುವ ಗಾಳಿ ಬಿಸಿಯಾಗುತ್ತದೆಯೋ ತಂಪಾಗುತ್ತದೆಯೋ ಎಂಬುದು. ಸಣ್ಣ ಕಾರಿನ ಬಾನೆಟ್ಟಿನ ಕೆಳಗೆ ಜಾಗ ಕಡಿಮೆ, ಗಾಳಿಯಾಡುವುದು ಕಡಿಮೆ, ಬಿಸಿಯಾದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರೂ ಚಿಕ್ಕದು. ಹಾಗಾಗಿ ಇಂತಹ ಕಾರಿನಲ್ಲಿ ಶಕ್ತಿಯನ್ನು ಕಟ್ಟಿಹಾಕುವುದು ಹೆಚ್ಚಿನ ಸಂದರ್ಭಗಳಲ್ಲಿ ಗಾಳಿಯ ಕೊರತೆಯಲ್ಲ, ಬಿಸಿ.

ಮೊದಲಿಗೆ ನಿಮ್ಮ ಕಾರಿನಲ್ಲಿರುವ ಸೂಪರ್‌ಚಾರ್ಜರ್ ಯಾವ ಬಗೆಯದು ಎಂದು ತಿಳಿದುಕೊಳ್ಳಬೇಕು. ರೂಟ್ಸ್ ಬಗೆಯದರಲ್ಲಿ ಎರಡು ರೋಟರುಗಳು ಪ್ರತಿ ಸುತ್ತಿಗೆ ಒಂದು ನಿಗದಿತ ಗಾತ್ರದ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆಯೇ ಹೊರತು ತಮ್ಮೊಳಗೆ ಅದನ್ನು ಒತ್ತುವುದಿಲ್ಲ. ಒತ್ತಡ ಹುಟ್ಟುವುದು ಆ ಗಾಳಿ ಮುಂದಿನ ಕೊಳವೆಯಲ್ಲಿ ಕಿಕ್ಕಿರಿದಾಗ. ಟ್ವಿನ್ ಸ್ಕ್ರೂ ಬಗೆಯದು ತನ್ನೊಳಗೇ ಗಾಳಿಯನ್ನು ಒತ್ತುವುದರಿಂದ ಅದೇ ಒತ್ತಡಕ್ಕೆ ಗಾಳಿ ಕಡಿಮೆ ಬಿಸಿಯಾಗುತ್ತದೆ. ಸೆಂಟ್ರಿಫ್ಯೂಗಲ್ ಬಗೆಯದರಲ್ಲಿ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆದ್ದರಿಂದ ಅದರ ಪುಲ್ಲಿಯನ್ನು (ಅದನ್ನು ತಿರುಗಿಸುವ ಬೆಲ್ಟಿನ ಗಾಲಿ; ಇದು ಚಿಕ್ಕದಾದಷ್ಟೂ ಸೂಪರ್‌ಚಾರ್ಜರ್ ಹೆಚ್ಚು ವೇಗವಾಗಿ ತಿರುಗುತ್ತದೆ) ಬದಲಿಸಿದರೆ ಲಾಭವೆಲ್ಲ ಎಂಜಿನ್ ವೇಗದ ಮೇಲ್ಭಾಗದಲ್ಲಿಯೇ ಸಿಗುತ್ತದೆ. ಫೋಕ್ಸ್‌ವ್ಯಾಗನ್ ಪೋಲೊ ಜಿ40 ಕಾರಿನಲ್ಲಿದ್ದ ಸುರುಳಿ ಆಕಾರದ ಜಿ-ಲೇಡರ್‌ನಂತಹವುಗಳಲ್ಲಿ ಒಳಗಿನ ಸೀಲುಗಳು ಸವೆಯುತ್ತವೆ. ಅವನ್ನು ಬದಲಿಸಿ ಘಟಕವನ್ನು ಹೊಸದಾಗಿ ಕಟ್ಟಿಸದೆ ವೇಗ ಹೆಚ್ಚಿಸುವುದು ಸರಿಯಲ್ಲ. ಮುಂದಿನ ಮಾತುಗಳು ಮುಖ್ಯವಾಗಿ ರೂಟ್ಸ್ ಬಗೆಯನ್ನು ಕುರಿತವು.

ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡ) ಮೀಟರ್ ತೋರಿಸುವ ಅಂಕಿಯನ್ನು ಶಕ್ತಿಯ ಅಳತೆ ಎಂದು ತಿಳಿಯುವುದು ಈ ಕ್ಷೇತ್ರದಲ್ಲಿ ತುಂಬಾ ವ್ಯಾಪಕವಾದ ತಪ್ಪು ಕಲ್ಪನೆ, ಹಣವನ್ನು ಅತಿ ಹೆಚ್ಚು ಹಾಳು ಮಾಡಿಸುವುದೂ ಅದೇ. ರೂಟ್ಸ್ ಸೂಪರ್‌ಚಾರ್ಜರ್ ಒಂದು ವೇಗದಲ್ಲಿ ಬಹುಮಟ್ಟಿಗೆ ಒಂದೇ ಪ್ರಮಾಣದ ಗಾಳಿಯನ್ನು ಕೊಡುತ್ತದೆ. ಎಂಜಿನ್ ಅಷ್ಟನ್ನೂ ಒಳಗೆಳೆದುಕೊಳ್ಳಲಾಗದೆ ಉಳಿಸಿದ ಪಾಲು ಒತ್ತಡವಾಗಿ ಮೀಟರಿನಲ್ಲಿ ಕಾಣುತ್ತದೆ. ಉತ್ತಮ ಸಿಲಿಂಡರ್ ಹೆಡ್ (ಗಾಳಿ ಒಳಹೋಗುವ, ಹೊಗೆ ಹೊರಬರುವ ದಾರಿಗಳಿರುವ ಎಂಜಿನ್ನಿನ ಮೇಲ್ಭಾಗ) ಹಾಕಿದ ಮೇಲೆ ಅಥವಾ ಎಕ್ಸಾಸ್ಟ್ ಸರಾಗವಾದ ಮೇಲೆ ಬೂಸ್ಟ್ ಸ್ವಲ್ಪ ಇಳಿದರೆ, ಎಂಜಿನ್ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಿದೆ ಎಂದು ಅರ್ಥ. ಇಳಿದ ಅಂಕಿಯನ್ನು ಕಂಡು ಗಾಬರಿಯಾಗಿ ಇನ್ನೂ ಚಿಕ್ಕ ಪುಲ್ಲಿ ಹಾಕಿಸಿಕೊಂಡರೆ, ಆಗ ತಾನೇ ಗಳಿಸಿದ್ದನ್ನು ಬಿಸಿಗೆ ಒಪ್ಪಿಸಿದಂತಾಗುತ್ತದೆ.

ಬಿಸಿಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು, ಸೂಪರ್‌ಚಾರ್ಜರ್ 0.8 ಬಾರ್ ಬೂಸ್ಟ್ ಕೊಡುತ್ತಿದೆ, ಅದರ ದಕ್ಷತೆ ಶೇಕಡಾ 57ರಷ್ಟಿದೆ ಎಂದುಕೊಳ್ಳೋಣ. ಆಗ ಇಂಟರ್‌ಕೂಲರನ್ನು ಸೇರುವ ಗಾಳಿಯ ತಾಪಮಾನ ಸುಮಾರು 120 ಡಿಗ್ರಿ ಆಗುತ್ತದೆ. ಬೂಸ್ಟನ್ನು 1 ಬಾರ್‌ಗೆ ಏರಿಸಿ, ಹೆಚ್ಚಿದ ವೇಗದಿಂದಾಗಿ ದಕ್ಷತೆ ಶೇಕಡಾ 55ಕ್ಕೆ ಇಳಿಯಿತು ಎಂದುಕೊಂಡರೆ ಅದು 145 ಡಿಗ್ರಿಯನ್ನು ದಾಟುತ್ತದೆ. ಗಾಳಿಯ ತಾಪಮಾನ 3 ಡಿಗ್ರಿ ಏರಿದರೆ ಅದರ ಸಾಂದ್ರತೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಇಳಿಯುತ್ತದೆ, ಜೊತೆಗೆ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ಅಕಾಲದಲ್ಲಿ ತಾನಾಗಿ ಸಿಡಿಯುವುದು) ಆಗುವ ಸಂಭವ ಹೆಚ್ಚುತ್ತದೆ; ನಾಕಿಂಗ್ ಸುಳಿವು ಸಿಕ್ಕಿದೊಡನೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ಅಲ್ಲಿಗೆ ಟಾರ್ಕ್ ಇಳಿಯುತ್ತದೆ. ಇದರ ಮೇಲೆ ಸೂಪರ್‌ಚಾರ್ಜರನ್ನು ತಿರುಗಿಸಲು ಬೇಕಾದ ಶಕ್ತಿಯನ್ನು ಕ್ರ್ಯಾಂಕ್‌ಶಾಫ್ಟೇ ಕೊಡಬೇಕು. 200 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಮೇಲಿನ ಮೊದಲ ಉದಾಹರಣೆಯ ಪ್ರಕಾರ ಅದು 20 ಅಶ್ವಶಕ್ತಿಯ ಆಸುಪಾಸಿನಲ್ಲಿರುತ್ತದೆ, ಬೂಸ್ಟ್ ಏರಿದಂತೆ ಅದೂ ಏರುತ್ತದೆ.

ಕಾರ್ಖಾನೆಯವರು ಇದನ್ನು ಹೇಗೆ ನಿಭಾಯಿಸಿದರು ಎಂಬುದಕ್ಕೆ ಬಿಎಂಡಬ್ಲ್ಯು ಕಂಪನಿಯ ಮೊದಲ ತಲೆಮಾರಿನ ಮಿನಿ ಕೂಪರ್ ಎಸ್ ಒಳ್ಳೆಯ ಉದಾಹರಣೆ. 1,598 ಸಿಸಿ ಎಂಜಿನ್, ಈಟನ್ ಕಂಪನಿಯ ಎಂ45 ರೂಟ್ಸ್ ಸೂಪರ್‌ಚಾರ್ಜರ್, ಎಂಜಿನ್ನಿನ ಮೇಲೆಯೇ ಕೂರಿಸಿದ ಇಂಟರ್‌ಕೂಲರ್ ಇದ್ದ ಆ ಕಾರು ಆರಂಭದಲ್ಲಿ 163 ಅಶ್ವಶಕ್ತಿ ಕೊಡುತ್ತಿತ್ತು, 2004ರ ಪರಿಷ್ಕರಣೆಯ ಬಳಿಕ 170. ಅದೇ ಎಂಜಿನ್ನಿಗೆ ಜಾನ್ ಕೂಪರ್ ವರ್ಕ್ಸ್ ಕಿಟ್ ಅಳವಡಿಸಿದಾಗ ಮೊದಲು 200, ನಂತರ 210 ಅಶ್ವಶಕ್ತಿ ಬಂದಿತು. 2006ರಲ್ಲಿ 2,000 ಕಾರುಗಳಿಗೆ ಸೀಮಿತವಾಗಿ ತಯಾರಾದ ಜಿಪಿ ಆವೃತ್ತಿ 218ನ್ನು ಮುಟ್ಟಿತು. ಗಮನಿಸಬೇಕಾದದ್ದು ಅವರು ಏನೇನು ಬದಲಿಸಿದರು ಎಂಬುದನ್ನು. ಪುಲ್ಲಿಯೊಂದನ್ನೇ ಚಿಕ್ಕದು ಮಾಡಿ ಕೈಬಿಡಲಿಲ್ಲ. ಸಿಲಿಂಡರ್ ಹೆಡ್, ಎಕ್ಸಾಸ್ಟ್, ಇಸಿಯು ಪ್ರೋಗ್ರಾಂ ಜೊತೆಜೊತೆಗೆ ಬದಲಾದವು, 210ಕ್ಕೆ ಏರುವಾಗ ದೊಡ್ಡ ಇಂಜೆಕ್ಟರುಗಳು (ಪೆಟ್ರೋಲು ಚಿಮ್ಮಿಸುವ ನಳಿಕೆಗಳು) ಬಂದವು, ಜಿಪಿಯಲ್ಲಿ ಇಂಟರ್‌ಕೂಲರ್ ದೊಡ್ಡದಾಯಿತು. ನಿಮ್ಮ ಕಾರು ಯಾವುದೇ ಇರಲಿ, ಅದರ ತಯಾರಕರೇ ಹೆಚ್ಚು ಶಕ್ತಿಯ ಆವೃತ್ತಿಯೊಂದನ್ನು ಮಾರಿದ್ದರೆ ಎರಡರ ನಡುವಿನ ವ್ಯತ್ಯಾಸಗಳನ್ನು ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಮಾರ್ಗದರ್ಶಿ.

ಈಗಿರುವುದು ಗಟ್ಟಿಯಾಗಿದೆಯೇ?

ಹಣ ಖರ್ಚು ಮಾಡುವ ಮೊದಲು ಎಂಜಿನ್ ಆರೋಗ್ಯವಾಗಿದೆ ಎಂಬುದು ಖಚಿತವಾಗಬೇಕು. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಿ; ಒಂದು ಸಿಲಿಂಡರ್ ಉಳಿದವಕ್ಕಿಂತ ಎದ್ದುಕಾಣುವಷ್ಟು ಕಡಿಮೆ ಇದ್ದರೆ ಶಕ್ತಿ ಹೆಚ್ಚಿಸುವ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಬೇಕು. ಬೆಲ್ಟ್, ಅದರ ಟೆನ್ಷನರ್, ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಪದರ ಇವು ಹಳೆಯ ಕಾರಿನಲ್ಲಿ ಸಾಮಾನ್ಯವಾಗಿ ಸೋತಿರುತ್ತವೆ, ಬೆಲ್ಟ್ ಜಾರಿದರೆ ಬೂಸ್ಟ್ ಮೇಲ್ವೇಗದಲ್ಲಿ ಕುಸಿಯುತ್ತದೆ. ಬೂಸ್ಟ್ ಬೇಡವಾದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತದೆಯೇ, ಇಂಟರ್‌ಕೂಲರಿನ ರಬ್ಬರ್ ಜೋಡಣೆಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಬೇಕು. ಎಷ್ಟೋ ಹಳೆಯ ಕಾರುಗಳಿಗೆ ಈ ದುರಸ್ತಿಗಳೇ ಮೊದಲ ಮಾರ್ಪಾಡಿನಷ್ಟು ಚುರುಕನ್ನು ತಂದುಕೊಡುತ್ತವೆ.

ಸೂಪರ್‌ಚಾರ್ಜರಿನ ಒಳಗಿನ ಗೇರ್ ಆಯಿಲನ್ನು ಎಂಜಿನ್ ಆಯಿಲಿನಂತೆ ಪದೇಪದೇ ಬದಲಿಸುವ ರೂಢಿ ಇಲ್ಲದ್ದರಿಂದ ಅದನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ಮಿನಿ ಕೂಪರ್ ಎಸ್‌ನಲ್ಲಿ ನೀರಿನ ಪಂಪು ತಿರುಗುವುದೂ ಸೂಪರ್‌ಚಾರ್ಜರಿನ ತುದಿಯಲ್ಲಿರುವ ಪುಟ್ಟ ಗೇರುಗಳಿಂದಲೇ. ಅಲ್ಲಿ ಆಯಿಲ್ ಬತ್ತಿ ಗೇರು ಸವೆದರೆ ಪಂಪು ನಿಂತು ಎಂಜಿನ್ ಕಾದುಹೋಗುತ್ತದೆ. ಪುಲ್ಲಿ ಬದಲಿಸಲು ಹೇಗೂ ಆ ಭಾಗವನ್ನೆಲ್ಲ ಬಿಚ್ಚಬೇಕಾಗುವುದರಿಂದ, ಘಟಕವನ್ನು ಹೊರತೆಗೆದು ಆಯಿಲ್ ಬದಲಿಸಿ ಗೇರುಗಳನ್ನು ಪರೀಕ್ಷಿಸುವುದನ್ನು ಅದೇ ಕೆಲಸದ ಅಂಗವಾಗಿ ಪರಿಗಣಿಸಬೇಕು.

ಇದಾದ ಮೇಲೆ ಒಂದು ಅಳತೆ ಬೇಕು. ಒಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಜೋಡಿಸುವ ಸಾಧನದಿಂದ ಗಾಳಿಯ ತಾಪಮಾನ, ಇಗ್ನಿಷನ್ ಟೈಮಿಂಗ್, ಬೂಸ್ಟ್ ಮತ್ತು ಎಂಜಿನ್ ವೇಗ ಇವುಗಳನ್ನು ದಾಖಲಿಸಿ. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಬೇಡಿ. ಟ್ರ್ಯಾಕ್ ಅಥವಾ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸೂಕ್ತ. ಒಂದೇ ಗೇರಿನಲ್ಲಿ, ಪೂರ್ತಿ ಆಕ್ಸಿಲರೇಟರ್ ಒತ್ತಿ, ಬಿಡುವಿಲ್ಲದೆ ಮೂರು ನಾಲ್ಕು ಬಾರಿ ಓಡಿಸಿ. ಮೊದಲ ಓಟಕ್ಕಿಂತ ಕೊನೆಯ ಓಟದಲ್ಲಿ ತಾಪಮಾನ ತುಂಬಾ ಏರಿ, ಟೈಮಿಂಗ್ ಹಿಂದಕ್ಕೆ ಸರಿದಿದ್ದರೆ ಕಾರು ಬಿಸಿಯಿಂದ ಬಳಲುತ್ತಿದೆ, ಅದಕ್ಕೆ ಬೇಕಾದದ್ದು ಉತ್ತಮ ಇಂಟರ್‌ಕೂಲರ್. ತಾಪಮಾನ ಸ್ಥಿರವಾಗಿದ್ದು ಟೈಮಿಂಗೂ ಅಲುಗದಿದ್ದರೆ ಪುಲ್ಲಿಯ ಬಗ್ಗೆ ಯೋಚಿಸಲು ಅವಕಾಶವಿದೆ. ಮುಂದಿನ ಆಯ್ಕೆಗಳೆಲ್ಲ ಈ ದಾಖಲೆಯ ಮೇಲೆ ನಿಲ್ಲುವುದರಿಂದ ಇದನ್ನು ಬಿಟ್ಟು ಮುಂದೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೇಕ್ ಮತ್ತು ಟೈರುಗಳ ವಿಷಯದಲ್ಲಿ ದೀರ್ಘ ಚರ್ಚೆ ಬೇಕಿಲ್ಲ: ಶಕ್ತಿ ಹೆಚ್ಚಿಸುವ ಮೊದಲೇ ಅವು ಆಗಬೇಕು. ಒಳ್ಳೆಯ ಟೈರುಗಳು, ಹೆಚ್ಚಿನ ತಾಪಮಾನ ತಾಳುವ ಬ್ರೇಕ್ ಪ್ಯಾಡುಗಳು, ಹೊಸ ಬ್ರೇಕ್ ಆಯಿಲ್ ಬಹುತೇಕ ಕಾರುಗಳಿಗೆ ಸಾಕು. ದೊಡ್ಡ ಡಿಸ್ಕುಗಳು ಟ್ರ್ಯಾಕಿನಲ್ಲಿ ಓಡಿಸುವವರಿಗೆ ಮಾತ್ರ ಅಗತ್ಯ.

ಗಾಳಿ ಒಳಬರುವ ದಾರಿ

ಸೂಪರ್‌ಚಾರ್ಜರಿನ ಬಾಯಿಗೆ ಬರುವ ಗಾಳಿಯ ಸಾಂದ್ರತೆ ಶೇಕಡಾ 5ರಷ್ಟು ಇಳಿದರೆ, ಅದು ಪ್ರತಿ ಸುತ್ತಿಗೆ ತಳ್ಳುವ ಗಾಳಿಯ ತೂಕವೂ ಅಷ್ಟೇ ಇಳಿಯುತ್ತದೆ. ಆದ್ದರಿಂದ ತಡೆಯಿಲ್ಲದ ಏರ್ ಫಿಲ್ಟರಿಗೆ ಇಲ್ಲಿ ನಿಜವಾದ ಬೆಲೆ ಇದೆ, ಆದರೆ ಅದು ಬಾನೆಟ್ಟಿನ ಹೊರಗಿನ ತಂಪು ಗಾಳಿಯನ್ನು ಎಳೆದುಕೊಳ್ಳುವಂತಿದ್ದರೆ ಮಾತ್ರ. ಮುಚ್ಚಳವಿಲ್ಲದೆ ಎಂಜಿನ್ನಿನ ಪಕ್ಕದಲ್ಲೇ ಕೂರುವ ಫಿಲ್ಟರ್ ಶಬ್ದವನ್ನು ಹೆಚ್ಚಿಸುತ್ತದೆ, ಕುದಿಯುವ ಗಾಳಿಯನ್ನೇ ಎಳೆದು ಶಕ್ತಿಯನ್ನು ಕಡಿಮೆ ಮಾಡುತ್ತದೆ.

ಇಂಟರ್‌ಕೂಲರನ್ನು ಆರಿಸುವಾಗ ಗಾತ್ರಕ್ಕಿಂತ ಅದರ ಮೇಲೆ ಹಾದುಹೋಗುವ ಹೊರಗಾಳಿ ಮುಖ್ಯ. ಎಂಜಿನ್ನಿನ ಮೇಲೆ ಕೂತದ್ದು ಕಾರು ನಿಂತಾಗ ಕೆಳಗಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಓಡುವಾಗ ಬಾನೆಟ್ಟಿನ ಗಾಳಿಬಾಯಿಯನ್ನೇ ನೆಚ್ಚಿರುತ್ತದೆ. ಆ ಬಾಯಿಯಿಂದ ಬಂದ ಗಾಳಿ ಅಂಚುಗಳಲ್ಲಿ ತಪ್ಪಿಸಿಕೊಂಡು ಹೋಗದಂತೆ ಫೋಮ್ ಸೀಲು ಸರಿಯಾಗಿದ್ದರೆ ಚಿಕ್ಕ ಇಂಟರ್‌ಕೂಲರ್ ಕೂಡ ಸಾಕಷ್ಟು ಸುಧಾರಿಸುತ್ತದೆ. ಮುಂಭಾಗದ ಬಂಪರಿನ ಹಿಂದೆ ಕೂರಿಸುವ ಇಂಟರ್‌ಕೂಲರ್ ಹೆಚ್ಚು ತಂಪು ಮಾಡುತ್ತದೆಯಾದರೂ ಉದ್ದನೆಯ ಕೊಳವೆಗಳು ಬೇಕಾಗುತ್ತವೆ, ರೇಡಿಯೇಟರಿಗೆ ಹೋಗುವ ಗಾಳಿಯನ್ನು ಅದು ಅಡ್ಡಗಟ್ಟುತ್ತದೆ. ದಿನನಿತ್ಯ ಓಡಿಸುವ ಕಾರಿಗೆ ಮೊದಲಿನ ಜಾಗದಲ್ಲೇ ಕೂರುವ, ಸ್ವಲ್ಪ ದಪ್ಪನೆಯ ಇಂಟರ್‌ಕೂಲರನ್ನೇ ನಾನು ಆರಿಸುತ್ತೇನೆ.

ಪುಲ್ಲಿ, ಇಂಧನ, ಟ್ಯೂನಿಂಗ್

ಪುಲ್ಲಿಯನ್ನು ಶೇಕಡಾ 15 ಚಿಕ್ಕದು ಎಂದು ಮಾರುವಾಗ ಅದು ವ್ಯಾಸದ ಲೆಕ್ಕ. ರೋಟರಿನ ವೇಗ ಹೆಚ್ಚುವುದು ಸುಮಾರು ಶೇಕಡಾ 17.6ರಷ್ಟು, ಶೇಕಡಾ 19 ಚಿಕ್ಕದಾದರೆ ವೇಗ ಶೇಕಡಾ 23ಕ್ಕಿಂತ ಹೆಚ್ಚು ಏರುತ್ತದೆ. ಎಂಜಿನ್ನಿನ ಎರಡು ಪಟ್ಟು ವೇಗದಲ್ಲಿ ತಿರುಗುವ ಸೂಪರ್‌ಚಾರ್ಜರ್, ಎಂಜಿನ್ 7,000 ಸುತ್ತಿನಲ್ಲಿದ್ದಾಗ 14,000 ಸುತ್ತು ತಿರುಗುತ್ತಿದ್ದರೆ, ಶೇಕಡಾ 15ರ ಪುಲ್ಲಿಯಿಂದ ಅದು 16,400ನ್ನು ದಾಟುತ್ತದೆ. ಸೂಪರ್‌ಚಾರ್ಜರ್ ತಯಾರಕರು ನಿಗದಿ ಮಾಡಿದ ಗರಿಷ್ಠ ವೇಗವನ್ನು ಹುಡುಕಿ, ಈ ಲೆಕ್ಕದೊಡನೆ ಹೋಲಿಸಿ, ಅದರೊಳಗೆ ಉಳಿಯುವ ಪುಲ್ಲಿಯನ್ನೇ ಕೊಳ್ಳಬೇಕು. ಅತಿ ಚಿಕ್ಕ ಪುಲ್ಲಿಯಲ್ಲಿ ಬೆಲ್ಟ್ ಸುತ್ತಿಕೊಳ್ಳುವ ಜಾಗವೂ ಕಡಿಮೆಯಾಗುವುದರಿಂದ ಜಾರುವಿಕೆ ಹೆಚ್ಚುತ್ತದೆ, ಸ್ವಲ್ಪ ಗಿಡ್ಡ ಬೆಲ್ಟ್ ಬೇಕಾಗಬಹುದು. ಇಂಟರ್‌ಕೂಲರ್ ಬದಲಿಸದ ಕಾರಿಗೆ ಶೇಕಡಾ 15ಕ್ಕಿಂತ ಚಿಕ್ಕ ಪುಲ್ಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು ಬೇಕು. ಇಂಜೆಕ್ಟರಿನ ಲೆಕ್ಕ ಹೀಗೆ ಹಾಕಬಹುದು: 150 ಕಿಲೋವ್ಯಾಟ್, ಅಂದರೆ ಸುಮಾರು 200 ಅಶ್ವಶಕ್ತಿಗೆ, ಪ್ರತಿ ಕಿಲೋವ್ಯಾಟ್-ಗಂಟೆಗೆ 340 ಗ್ರಾಂ ಇಂಧನ ಎಂದು ಹಿಡಿದರೆ ಗಂಟೆಗೆ 51 ಕಿಲೋ ಆಗುತ್ತದೆ. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ ಸುಮಾರು 287 ಸಿಸಿ. ಇಂಜೆಕ್ಟರ್ ಶೇಕಡಾ 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬ ನಿಯಮದಂತೆ ಕೊಳ್ಳಬೇಕಾದ ಗಾತ್ರ 338 ಸಿಸಿಯ ಆಸುಪಾಸು. ನಿಮ್ಮ ಗುರಿಯ ಅಶ್ವಶಕ್ತಿಯನ್ನು ಇಟ್ಟು ಇದೇ ಲೆಕ್ಕ ಮಾಡಿ, ಈಗಿನ ಇಂಜೆಕ್ಟರ್ ಅದಕ್ಕಿಂತ ಚಿಕ್ಕದಿದ್ದರೆ ಪುಲ್ಲಿಗೂ ಮೊದಲೇ ಅದನ್ನು ಬದಲಿಸಲು ಹಣ ತೆಗೆದಿಡಿ. ಸ್ಪಾರ್ಕ್ ಪ್ಲಗ್ಗುಗಳನ್ನು ಒಂದು ಹಂತ ತಂಪಾದವಕ್ಕೆ ಬದಲಿಸುವುದು ಕಡಿಮೆ ಖರ್ಚಿನ ರಕ್ಷಣೆ.

ಟ್ಯೂನಿಂಗ್ ಅನ್ನು ನಿಮ್ಮ ಕಾರನ್ನೇ ಡೈನೊ ಮೇಲೆ ಓಡಿಸಿ, ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಅನುಪಾತ ಅಳೆಯುವ ಸಾಧನ) ನೋಡುತ್ತಾ ಮಾಡುವವರಿಂದ ಮಾಡಿಸಬೇಕು. ಪೂರ್ಣ ಬೂಸ್ಟಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಸಾಮಾನ್ಯವಾಗಿ 11.5ರಿಂದ 12.5ರ ನಡುವೆ ಇರಬೇಕು. 13ರ ಮೇಲೆ ಹೋದರೆ ಪಿಸ್ಟನ್ನುಗಳಿಗೆ ಅಪಾಯ. ನೀವು ದಿನವೂ ಹಾಕಿಸುವ ಪೆಟ್ರೋಲಿನ ಆಕ್ಟೇನ್ ಸಂಖ್ಯೆಗೇ ಟ್ಯೂನ್ ಆಗಬೇಕು, ಅಪರೂಪಕ್ಕೊಮ್ಮೆ ಸಿಗುವ ದುಬಾರಿ ಪೆಟ್ರೋಲಿಗಲ್ಲ. ನೀರು ಮತ್ತು ಮೆಥನಾಲ್ ಸಿಂಪಡಿಸುವ ವ್ಯವಸ್ಥೆ ಗಾಳಿಯನ್ನು ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಅದನ್ನೇ ನಂಬಿ ಟೈಮಿಂಗನ್ನು ಮುಂದಕ್ಕೆ ಸರಿಸಿದ್ದರೆ (ಕಿಡಿ ಬೇಗ ಹಾರುವಂತೆ ಮಾಡಿದ್ದರೆ) ಟ್ಯಾಂಕು ಖಾಲಿಯಾದ ಕ್ಷಣದಲ್ಲಿ ಎಂಜಿನ್ ಕೆಡಬಹುದು. ದ್ರವ ಮುಗಿದೊಡನೆ ಬೂಸ್ಟ್ ಅಥವಾ ಟೈಮಿಂಗ್ ತಾನೇ ಇಳಿಯುವ ವ್ಯವಸ್ಥೆ ಇಲ್ಲದೆ ಅದನ್ನು ಹಾಕಿಸಬಾರದು.

ಎಕ್ಸಾಸ್ಟಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಭಾಗವನ್ನು ಮಾತ್ರ ಬದಲಿಸಿದರೆ ಶಬ್ದ ಬದಲಾಗುತ್ತದೆ, ಶಕ್ತಿ ಅಷ್ಟೇನೂ ಬದಲಾಗುವುದಿಲ್ಲ. ಕನ್ವರ್ಟರನ್ನೇ ತೆಗೆಯುವುದು ಬಹುತೇಕ ಎಲ್ಲ ಕಡೆ ಕಾನೂನುಬಾಹಿರ, ಮಾಡಬೇಡಿ. ಸಿಲಿಂಡರ್ ಹೆಡ್ ಮತ್ತು ಕ್ಯಾಮ್‌ಶಾಫ್ಟ್ ಬದಲಾವಣೆ ದುಬಾರಿಯಾದರೂ, ಗಾಳಿಯನ್ನು ಬಿಸಿ ಮಾಡದೆ ಹೆಚ್ಚು ಒಳಗೆಳೆದುಕೊಳ್ಳುವ ದಾರಿ ಅದೇ. ಶೇಕಡಾ 19ರ ಪುಲ್ಲಿಗೆ ಹೋಗಬೇಕೆಂದಿರುವವರು ಆ ಹಣವನ್ನು ಕೂಡಿಟ್ಟು ಹೆಡ್ ಮಾಡಿಸುವುದೇ ಮೇಲು.

ಮುಂದಿನ ಚಕ್ರಗಳೇ ಕಾರನ್ನು ಎಳೆಯುವಾಗ 200 ಅಶ್ವಶಕ್ತಿಯ ಆಚೆಗೆ ಸ್ಟೀರಿಂಗ್ ಪಕ್ಕಕ್ಕೆ ಎಳೆಯತೊಡಗುತ್ತದೆ, ಒಳಬದಿಯ ಚಕ್ರ ತಿರುವುಗಳಲ್ಲಿ ಸುಮ್ಮನೆ ಸುತ್ತುತ್ತದೆ. ಆ ಹಂತದಲ್ಲಿ ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇನ್ನಷ್ಟು ಶಕ್ತಿಗಿಂತ ಹೆಚ್ಚು ಉಪಯುಕ್ತ. ಅದನ್ನು ಹಾಕಿಸಲು ಗೇರ್‌ಬಾಕ್ಸ್ ಇಳಿಸಲೇಬೇಕಾದ್ದರಿಂದ ಕ್ಲಚ್ಚನ್ನೂ ಅದೇ ಸಮಯದಲ್ಲಿ ಬದಲಿಸಿ. ಮಾರ್ಪಾಡುಗಳನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಪ್ರತಿ ಬದಲಾವಣೆಯ ನಂತರ ಮೊದಲಿನ ಗೇರಿನಲ್ಲೇ, ಹೊರಗಿನ ಗಾಳಿಯ ತಾಪಮಾನ ಹೆಚ್ಚುಕಡಿಮೆ ಮೊದಲಿನಷ್ಟೇ ಇರುವ ದಿನ ಮತ್ತೆ ದಾಖಲಿಸಿ, ಹಳೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ಟೈಮಿಂಗ್ ಹಿಂದಕ್ಕೆ ಸರಿದಿರುವುದು ಕಂಡರೆ ಮುಂದಿನ ಭಾಗವನ್ನು ಕೊಳ್ಳುವ ಬದಲು ಗಾಳಿಯನ್ನು ತಂಪು ಮಾಡುವ ಕೆಲಸಕ್ಕೆ ಹಿಂದಿರುಗಿ.