ಒಂದೇ ಲೆಕ್ಕದ ಜೊತೆ ಮೂರು ದಿನ

ಒಂಬತ್ತನೇ ತರಗತಿಯ ದಸರಾ ರಜೆಗೆ ಮುಂಚೆ ನಮ್ಮ ಗಣಿತದ ಮೇಷ್ಟ್ರು ಗಣಿತ ಒಲಿಂಪಿಯಾಡ್ ಎಂಬ ಸ್ಪರ್ಧಾ ಪರೀಕ್ಷೆಯ ಅಭ್ಯಾಸಕ್ಕೆಂದು ಒಂದು ಚೀಟಿ ಕೊಟ್ಟರು. ಅದರಲ್ಲಿ ಒಂದೇ ಲೆಕ್ಕ. ಒಂದು ಪೂರ್ಣಾಂಕದ ವರ್ಗಕ್ಕೆ ಅದೇ ಸಂಖ್ಯೆಯ 19ರಷ್ಟನ್ನು ಸೇರಿಸಿ, ಮೇಲೆ 92 ಕೂಡಿಸಿದರೆ ಪೂರ್ಣವರ್ಗ ಬರಬೇಕು. ಅಂಥ ಪೂರ್ಣಾಂಕಗಳನ್ನೆಲ್ಲ ಹುಡುಕು. ನಾನು 1ರಿಂದ 60ರವರೆಗೆ ಒಂದೊಂದನ್ನೂ ಹಾಕಿ ನೋಡಿದೆ. ಯಾವುದೂ ಬರಲಿಲ್ಲ. ‘ಉತ್ತರ ಇಲ್ಲ’ ಎಂದು ಬರೆದುಕೊಟ್ಟೆ.

ಮೇಷ್ಟ್ರು ಹಾಳೆ ನೋಡಿ, “ಪೂರ್ಣಾಂಕ ಅಂದ್ರೆ ಯಾವ್ಯಾವುದಪ್ಪಾ?” ಎಂದಷ್ಟೇ ಕೇಳಿ ವಾಪಸ್ ಕೊಟ್ಟರು. ಆಗ ಋಣ ಸಂಖ್ಯೆಗಳು ನೆನಪಾದವು. −8 ಹಾಕಿದರೆ 4 ಬರುತ್ತದೆ, −11 ಹಾಕಿದರೂ 4. ಓಡಿಹೋಗಿ ತೋರಿಸಿದೆ. “ಇವೆರಡೇ ಅಂತ ಹೇಗೆ ಹೇಳ್ತೀಯಾ?” ಎಂದರು.

ಅದಕ್ಕೆ ಉತ್ತರ ಸಿಕ್ಕಿದ್ದು ಮುಂದಿನ ವರ್ಷ, ವರ್ಗ ಪೂರ್ಣಗೊಳಿಸುವ ವಿಧಾನದ ಪಾಠ ಬಂದಾಗ. ಹಳೆಯ ಚೀಟಿ ಹುಡುಕಿ ತೆಗೆದೆ. ಎಲ್ಲವನ್ನೂ 4ರಿಂದ ಗುಣಿಸಿ ವರ್ಗ ಪೂರ್ಣಗೊಳಿಸಿದರೆ, ಎರಡು ವರ್ಗಗಳ ವ್ಯತ್ಯಾಸ 7 ಎನ್ನುವಲ್ಲಿಗೆ ಲೆಕ್ಕ ಬಂದು ನಿಲ್ಲುತ್ತದೆ. 7 ಅವಿಭಾಜ್ಯ ಸಂಖ್ಯೆ. 1 ಮತ್ತು 7 ಎಂದಲ್ಲದೆ ಬೇರೆ ರೀತಿ ಒಡೆಯುವುದಿಲ್ಲ. ಹಾಗಾಗಿ ಆ ವರ್ಗಗಳು 16 ಮತ್ತು 9 ಮಾತ್ರ, ಉತ್ತರಗಳು ಆ ಎರಡು ಮಾತ್ರ. ಒಲಿಂಪಿಯಾಡ್ ಲೆಕ್ಕಗಳಿಗೆ ಕಲನಶಾಸ್ತ್ರ ಬೇಕಿಲ್ಲ, ಹೈಸ್ಕೂಲಿನ ಸಲಕರಣೆಗಳಿಂದಲೇ ಬಹಳ ದೂರ ಹೋಗಬಹುದು ಎಂದು ನನಗೆ ಖಾತ್ರಿಯಾದದ್ದು ಅವತ್ತು.

ಎರಡನೆಯ ಚೀಟಿ ನನ್ನ ಅಭ್ಯಾಸದ ರೀತಿಯನ್ನೇ ಬದಲಿಸಿತು. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಯಾವುದೇ 51ನ್ನು ಆರಿಸಿಕೊಂಡರೂ, ಅವುಗಳಲ್ಲಿ ಒಂದು ಇನ್ನೊಂದನ್ನು ಭಾಗಿಸುತ್ತದೆ ಎಂದು ಸಾಧಿಸಬೇಕು. ಮೊದಲ ದಿನ ಮನಸ್ಸಿಗೆ ಬಂದ 51 ಸಂಖ್ಯೆಗಳನ್ನು ಬರೆದು ಬರೆದು ನೋಡಿದೆ. ಪ್ರತಿಸಲವೂ ಜೋಡಿ ಸಿಗುತ್ತಿತ್ತು, ಕಾರಣ ಮಾತ್ರ ಸಿಗುತ್ತಿರಲಿಲ್ಲ. ಎರಡನೆಯ ದಿನ ಲೆಕ್ಕವನ್ನೇ ಚಿಕ್ಕದು ಮಾಡಿದೆ: 1ರಿಂದ 6ರಲ್ಲಿ 4, 1ರಿಂದ 10ರಲ್ಲಿ 6. ಆಗ ಕಂಡಿತು, 51ರಿಂದ 100ರವರೆಗಿನ 50 ಸಂಖ್ಯೆಗಳಲ್ಲಿ ಯಾವುದೂ ಇನ್ನೊಂದನ್ನು ಭಾಗಿಸುವುದಿಲ್ಲ. ಅವಕ್ಕೆ ಹೊರಗಿನಿಂದ ಒಂದೇ ಒಂದನ್ನು ಸೇರಿಸಿದರೂ ಕೆಡುತ್ತದೆ. 40 ಸೇರಿಸಿದರೆ 80 ಇದೆ. 17 ಸೇರಿಸಿದರೆ 34, ಮತ್ತೆ ದುಪ್ಪಟ್ಟು ಮಾಡಿದರೆ 68. ಚಿಕ್ಕ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತಾ ಹೋದರೆ ಅದು 51ರಿಂದ 100ರೊಳಗೆ ಬಂದೇ ಬರುತ್ತದೆ.

ಮೂರನೆಯ ದಿನ ಸಂಜೆ, ದುಪ್ಪಟ್ಟು ಮಾಡುವ ಬದಲು ಅರ್ಧ ಮಾಡುತ್ತಾ ಬಂದರೆ ಹೇಗೆ ಎಂದು ಹೊಳೆಯಿತು. 96, 48, 24, 12, 6, 3. ಬೆಸ ಸಂಖ್ಯೆ ಬಂದಾಗ ನಿಲ್ಲಬೇಕು. ಹೀಗೆ ಪ್ರತಿ ಸಂಖ್ಯೆಗೂ ಒಂದು ಬೆಸ ಸಂಖ್ಯೆಯ ಮನೆ. 100ರೊಳಗೆ ಬೆಸ ಸಂಖ್ಯೆಗಳು 50. ನಮ್ಮ ಕೈಯಲ್ಲಿರುವುದು 51. ಎರಡು ಸಂಖ್ಯೆ ಒಂದೇ ಮನೆಗೆ ಬರಲೇಬೇಕು, ಒಂದೇ ಮನೆಯವುಗಳಲ್ಲಿ ಚಿಕ್ಕದು ದೊಡ್ಡದನ್ನು ಭಾಗಿಸುತ್ತದೆ. ಮುಗಿಯಿತು! ಆ ರಾತ್ರಿ ನನಗೆ ಊಟವೇ ಬೇಡವಾಗಿತ್ತು.

ಇದಕ್ಕೆ ಪಾರಿವಾಳದ ಗೂಡಿನ ತತ್ವ ಎಂಬ ಹೆಸರಿದೆ ಎಂದು ತಿಳಿದದ್ದು ಆಮೇಲೆ. ಹೆಸರು ಮೊದಲೇ ಗೊತ್ತಿದ್ದರೂ ಗೂಡುಗಳು ಯಾವುವು ಎಂದು ನಾನೇ ಹುಡುಕಬೇಕಿತ್ತು. ಈ ಲೆಕ್ಕದ ಕಷ್ಟವೆಲ್ಲ ಅಲ್ಲೇ ಇರುವುದು. ಆದ್ದರಿಂದ ಮೂರು ದಿನ ತುಂಬುವವರೆಗೆ ಉತ್ತರ ನೋಡಬಾರದೆಂದು ಗೊತ್ತುಮಾಡಿಕೊಂಡೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಮಾಡಿದ ಪ್ರಯತ್ನ, ಬಲಪುಟದಲ್ಲಿ ಅದು ಎಲ್ಲಿ ನಿಂತಿತು, ಯಾಕೆ ನಿಂತಿತು. ಉತ್ತರ ಓದಬೇಕಾಗಿ ಬಂದರೆ, ನನಗೆ ಕಾಣದೇ ಹೋದ ಒಂದು ಹೆಜ್ಜೆಯನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆದು, ಹದಿನೈದು ದಿನ ಬಿಟ್ಟು ಮತ್ತೆ ಮೊದಲಿನಿಂದ ಬಿಡಿಸುತ್ತಿದ್ದೆ. ವಾರಕ್ಕೆ ನಾಲ್ಕೈದು ಲೆಕ್ಕಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಅಷ್ಟೇ ಸಾಕು ಎಂದು ಈಗಲೂ ನಂಬಿದ್ದೇನೆ.

ರೇಖಾಗಣಿತಕ್ಕೆ ಬೇರೆಯೇ ಎಚ್ಚರ ಬೇಕು. ನಾನು ಯಾವಾಗಲೂ ಅಂದವಾದ ಲಘುಕೋನ ತ್ರಿಭುಜವನ್ನೇ ಎಳೆಯುತ್ತಿದ್ದೆ. ವಿಶಾಲಕೋನ ತ್ರಿಭುಜದಲ್ಲಿ ಪರಿಕೇಂದ್ರ, ಅಂದರೆ ಮೂರೂ ಶೃಂಗಗಳ ಮೂಲಕ ಹಾಯುವ ವೃತ್ತದ ಕೇಂದ್ರ, ಹೊರಗೆ ಬೀಳುತ್ತದೆ, ಕೂಡಿಸಿದ್ದ ಕೋನವನ್ನು ಅಲ್ಲಿ ಕಳೆಯಬೇಕಾಗುತ್ತದೆ. ಅಲ್ಲಿಂದ ಪ್ರತಿ ಲೆಕ್ಕಕ್ಕೂ ಕೈವಾರ ಹಿಡಿದು ಅರ್ಧಪುಟದಷ್ಟು ದೊಡ್ಡದಾದ ಎರಡು ಚಿತ್ರ ಬರೆಯತೊಡಗಿದೆ.

ಬರವಣಿಗೆಗೆ ನೆರವಾದವಳು ತಂಗಿ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಯುವ ಶಾಲೆಯ ರೂಢಿ ಒಳ್ಳೆಯದೇ, ಆದರೆ ನಡುನಡುವೆ ನಾನು ಹೆಜ್ಜೆ ನುಂಗುತ್ತಿದ್ದೆ. ಅವಳಿಗೆ ಓದಲು ಕೊಟ್ಟರೆ ಸರಿಯಾಗಿ ಅಲ್ಲಿಗೇ ಬೆರಳಿಟ್ಟು “ಇದು ಹೇಗೆ ಬಂತು ಅಣ್ಣ?” ಎನ್ನುತ್ತಿದ್ದಳು. ‘ಹೀಗಿದ್ದರೆ ಮತ್ತು ಹೀಗಿದ್ದರೆ ಮಾತ್ರ’ ಎಂಬ ಮಾತಿಗೆ ಎರಡು ದಿಕ್ಕಿನಿಂದಲೂ ಸಾಧನೆ ಕೊಡಬೇಕೆಂದು ನನಗೆ ಮನದಟ್ಟಾದದ್ದು ಅವಳಿಗೆ ವಿವರಿಸುವಾಗಲೇ.

ಈಗ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಐಓಕ್ಯೂಎಂ ಎಂಬ ಅರ್ಹತಾ ಪರೀಕ್ಷೆ: ಮೂರು ಗಂಟೆ, 30 ಪ್ರಶ್ನೆ, 00ರಿಂದ 99ರೊಳಗಿನ ಉತ್ತರ ಗುರುತಿಸಿದರೆ ಆಯಿತು. ಅದಕ್ಕೆ ವೇಗ ಬೇಕು ನಿಜ. ಆದರೆ ಅದನ್ನು ದಾಟಿದ ಮೇಲೆ ಬರುವ ಆರ್‌ಎಂಓ (ಪ್ರಾದೇಶಿಕ ಒಲಿಂಪಿಯಾಡ್) ಮತ್ತು ಐಎನ್‌ಎಂಓ (ರಾಷ್ಟ್ರೀಯ ಒಲಿಂಪಿಯಾಡ್)ಗಳಲ್ಲಿ ಪೂರ್ತಿ ಸಾಧನೆ ಬರೆಯಬೇಕು. ನನ್ನ ಹತ್ತಿರ ಬರುವ ಮಕ್ಕಳು ಎರಡಂಕಿಯ ಉತ್ತರದಲ್ಲೇ ನಿಂತುಬಿಟ್ಟಾಗ ಸಂಕಟವಾಗುತ್ತದೆ. ಮೊದಲ ವಾರದಿಂದಲೇ ಬರೆಸುತ್ತೇನೆ.

ನಾನು ಬರೆದದ್ದು ನೇರ ಆರ್‌ಎಂಓ, ಒಂದು ಭಾನುವಾರ. ಆರು ಲೆಕ್ಕ, ಮೂರು ಗಂಟೆ. ಮೊದಲ ಇಪ್ಪತ್ತು ನಿಮಿಷ ಪೆನ್ನು ಮುಟ್ಟದೆ ಆರನ್ನೂ ಓದಿದೆ. ನಾಲ್ಕು ಪೂರ್ತಿಯಾದವು. ಐದನೆಯದರಲ್ಲಿ ಚಿಕ್ಕ ಬೆಲೆಗಳಿಗೆ ಬಿಡಿಸಿ, ಅಲ್ಲಿಂದ ಸಾಧಿಸಲಾದಷ್ಟನ್ನು ಬರೆದೆ. ಆರನೆಯದಕ್ಕೆ ಹೊತ್ತು ಸಿಗಲಿಲ್ಲ. ಮನೆಗೆ ಬಂದು, ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲಿಟ್ಟು, ನೋಟ್‌ಬುಕ್ಕಿನ ಎಡಪುಟ ತೆರೆದೆ. ಗುರುವಾರ ಬೆಳಗ್ಗೆ ಅದೂ ಬಿಡಿಸಿಕೊಂಡಿತು.