ಎರೆಮಣ್ಣಿನ ಕುಂಡದಲ್ಲಿ ತುಳಸಿ: ಕ್ಯಾಡ್ಮಿಯಂ ಪರಿಣಾಮ ಅಳೆಯುವುದು ಹೇಗೆ?

ಕ್ಯಾಡ್ಮಿಯಂ ಎಂಬ ವಿಷಲೋಹ ಬೆರೆಸಿದ ಮಣ್ಣಿನಲ್ಲಿ ತುಳಸಿ ಬೆಳೆಸಿ, ಎಲೆಯಲ್ಲಿ ಫೀನಾಲ್ (ಗಿಡ ತನ್ನ ರಕ್ಷಣೆಗೆ ತಯಾರಿಸುವ ರಾಸಾಯನಿಕಗಳು) ಏರಿತು, ಎಣ್ಣೆ ಇಳಿಯಿತು ಎಂದು ಬರೆಯುವ ಪ್ರಾಜೆಕ್ಟ್ ವರದಿಗಳಿಗೆ ಕೊರತೆಯಿಲ್ಲ. ಆದರೆ ಎಲೆಯ ರಸಾಯನವನ್ನು ಬದಲಿಸಿದ್ದು ಲೋಹವೋ, ನೀರಿನ ಕೊರತೆಯೋ, ಕಲಬುರಗಿಯ ಏಪ್ರಿಲ್ ಬಿಸಿಲೋ ಎಂದು ಕೇಳಿದರೆ ಎಷ್ಟೋ ವರದಿಗಳಲ್ಲಿ ಉತ್ತರ ಸಿಗುವುದಿಲ್ಲ. ಈ ಮೂರಕ್ಕೂ ಗಿಡ ತೋರುವ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ: ಪ್ರೋಲೀನ್ ಎಂಬ ಅಮೈನೋ ಆಮ್ಲ ಏರುತ್ತದೆ, ಫೀನಾಲ್ ಮತ್ತು ಅದೇ ಗುಂಪಿನ ಫ್ಲೇವನಾಯ್ಡ್‌ಗಳೂ ಏರುತ್ತವೆ. ಆದ್ದರಿಂದ ಕುಂಡದಿಂದ ಕುಂಡಕ್ಕೆ ಲೋಹದ ಪ್ರಮಾಣ ಬಿಟ್ಟು ಬೇರೇನೂ ಬದಲಾಗಬಾರದು.

ಒಳಗೆ ನಡೆಯುವುದು ಇಷ್ಟು. ಕ್ಯಾಡ್ಮಿಯಂ ಗಿಡಕ್ಕೆ ಬೇಕಾದ ಲೋಹವಲ್ಲ. ಸತು, ಕಬ್ಬಿಣ, ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಬೇರಿನೊಳಗೆ ನುಸುಳುತ್ತದೆ. ಅದನ್ನು ಕಟ್ಟಿಹಾಕಲು ಗಿಡ ತನ್ನಲ್ಲಿರುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಬಳಸಿ, ಲೋಹಕ್ಕೆ ಅಂಟಿಕೊಳ್ಳುವ ಫೈಟೋಕೆಲಾಟಿನ್ ತಯಾರಿಸುತ್ತದೆ. ಜೀವಕೋಶದಲ್ಲಿ ಆಕ್ಸಿಜನ್ನಿನ ಹಾನಿಕಾರಕ ರೂಪಗಳು ಹೆಚ್ಚಿದಾಗ ಫೀನೈಲ್‌ಅಲನೈನ್ ಅಮೋನಿಯಾ ಲಯೇಸ್ ಎಂಬ ಕಿಣ್ವ ಚುರುಕಾಗಿ ಫೀನಾಲ್‌ಗಳು ಏರುತ್ತವೆ. ಲೋಹ ಇನ್ನೂ ಹೆಚ್ಚಾದರೆ ದ್ಯುತಿಸಂಶ್ಲೇಷಣೆಯೇ ಕುಸಿಯುತ್ತದೆ, ಫೀನಾಲ್ ತಯಾರಿಸಲು ಬೇಕಾದ ಇಂಗಾಲವೂ ಸಾಲದಾಗುತ್ತದೆ. ಏರಿ ಇಳಿಯುವ ಈ ಗೆರೆ ಕಾಣಬೇಕಾದರೆ ಒಂದೇ ಪ್ರಮಾಣ ಸಾಲದು. ಕಿಲೋ ಮಣ್ಣಿಗೆ 0, 5, 10, 25 ಮಿಲಿಗ್ರಾಂ ಹೀಗೆ ನಾಲ್ಕು ಪ್ರಮಾಣ, ಪ್ರತಿಯೊಂದಕ್ಕೂ ಐದು ಕುಂಡ, ಕುಂಡಕ್ಕೆ 5 ಕಿಲೋ ಮಣ್ಣು ಇರಲಿ.

ಕ್ಯಾಡ್ಮಿಯಂ ಕ್ಯಾನ್ಸರ್‌ಕಾರಕ. ಕ್ಯಾಡ್ಮಿಯಂ ಉಪ್ಪನ್ನು ತೂಗುವಾಗ ಕೈಗವಸು, ಮಾಸ್ಕ್ ಕಡ್ಡಾಯ. ಈ ಕೆಲಸ ಕಾಲೇಜಿನ ಪ್ರಯೋಗಾಲಯದಲ್ಲೇ ಆಗಬೇಕು, ಮನೆಯಂಗಳದಲ್ಲಿ ಬೇಡ.

ಮಣ್ಣು, ಕುಂಡ

ಆಗಸ್ಟಿನಲ್ಲೇ ಮಣ್ಣು ತಯಾರಾದರೆ ಸೆಪ್ಟೆಂಬರ್ ಮಧ್ಯದಲ್ಲಿ ಸಸಿ ನೆಟ್ಟು ನವೆಂಬರಿನಲ್ಲಿ ಎಲೆ ಕೊಯ್ಯಬಹುದು. ಬೇಸಿಗೆಯಲ್ಲಿ ಈ ಪ್ರಯೋಗಕ್ಕೆ ಕೈ ಹಾಕಲೇಬೇಡಿ. ಎರೆಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆಗಳನ್ನು ಕಟ್ಟಿಗೆಯಿಂದ ಪುಡಿ ಮಾಡಿ, 2 ಮಿಲಿಮೀಟರ್ ನೈಲಾನ್ ಜರಡಿಯಲ್ಲಿ ಸೋಸಿ. ಹಿತ್ತಾಳೆಯ ಜರಡಿ ಬೇಡ. ಅದರಿಂದ ತಾಮ್ರ, ಸತು ಮಣ್ಣಿಗೆ ಸೇರುತ್ತವೆ. ಕುಂಡ ಬಣ್ಣ ಹಚ್ಚದ ಪ್ಲಾಸ್ಟಿಕ್ಕಿನದಾಗಿರಲಿ, ತಳದಲ್ಲಿ ತೂತು ಇರಬಾರದು. ನರ್ಸರಿಗಳಲ್ಲಿ ಸಿಗುವ ಸಿದ್ಧ ಮಿಶ್ರಣದ ಚೀಲ ತರಬೇಡಿ. ನಗರದ ಕಸದಿಂದ ತಯಾರಾದ ಕಾಂಪೋಸ್ಟ್ ಅದರಲ್ಲಿದ್ದರೆ ಲೋಹವೂ ಜೊತೆಗೇ ಬಂದಿರುತ್ತದೆ. ಡಿಎಪಿ, ಸೂಪರ್ ಫಾಸ್ಫೇಟ್ ಕೂಡ ಬೇಡ: ಅವು ತಯಾರಾಗುವ ಶಿಲಾರಂಜಕದಲ್ಲಿ ಸಹಜವಾಗಿಯೇ ಕ್ಯಾಡ್ಮಿಯಂ ಇರುತ್ತದೆ. ರಂಜಕವನ್ನೂ ಸತುವನ್ನೂ ಪ್ರಯೋಗಾಲಯ ದರ್ಜೆಯ ಉಪ್ಪುಗಳಿಂದ ಎಲ್ಲ ಕುಂಡಗಳಿಗೂ ಸಮನಾಗಿ ಕೊಡಿ. ಸತು ಕಡಿಮೆಯಿರುವ ಮಣ್ಣಿನಲ್ಲಿ ಬೇರು ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ.

ಲೋಹ ಬೆರೆಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೊದಲು ಬಾಟಲಿಯ ಲೇಬಲ್ ಓದಿ. ಕ್ಯಾಡ್ಮಿಯಂ ಕ್ಲೋರೈಡ್ ಮೂರು ರೂಪದಲ್ಲಿ ಸಿಗುತ್ತದೆ. 10 ಮಿಲಿಗ್ರಾಂ ಪ್ರಮಾಣದ ಒಂದು ಕುಂಡಕ್ಕೆ, ಅಂದರೆ 5 ಕಿಲೋ ಮಣ್ಣಿಗೆ, 50 ಮಿಲಿಗ್ರಾಂ ಕ್ಯಾಡ್ಮಿಯಂ ಬೇಕು. ಅದಕ್ಕೆ ನೀರಿನಂಶವಿಲ್ಲದ ರೂಪದಲ್ಲಿ 81.5 ಮಿಲಿಗ್ರಾಂ, ಒಂದು ನೀರಿನ ಅಣುವಿರುವ ರೂಪದಲ್ಲಿ 89.5, ಎರಡೂವರೆ ಅಣುವಿರುವ ರೂಪದಲ್ಲಿ 101.6 ಮಿಲಿಗ್ರಾಂ ತೂಗಬೇಕು. ಕೈಯಲ್ಲಿರುವುದು ಕೊನೆಯದು, ಲೆಕ್ಕ ಹಾಕಿದ್ದು ಮೊದಲನೆಯದು ಎಂದಾದರೆ ಮಣ್ಣಿಗೆ 20 ಶೇಕಡಾ ಲೋಹ ಕಡಿಮೆ ಬಿದ್ದಂತೆ. ಮುಂದಿನ ಅಂಕಿಗಳೆಲ್ಲ ಅಲ್ಲಿಂದಲೇ ತಪ್ಪುತ್ತವೆ.

ಎರಡೂವರೆ ಅಣುವಿನ ರೂಪ ಎಂದಿಟ್ಟುಕೊಳ್ಳಿ. 10 ಮಿಲಿಗ್ರಾಂ ಪ್ರಮಾಣದ ಐದು ಕುಂಡಗಳಿಗೆ 508 ಮಿಲಿಗ್ರಾಂ ಉಪ್ಪನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಕುಂಡಕ್ಕೆ 200 ಮಿಲಿಲೀಟರ್ ಹಂಚಿ. 5ರ ಪ್ರಮಾಣಕ್ಕೆ ಲೀಟರಿಗೆ 254 ಮಿಲಿಗ್ರಾಂ, 25ಕ್ಕೆ 1.27 ಗ್ರಾಂ. ಸೊನ್ನೆ ಕುಂಡಕ್ಕೂ 200 ಮಿಲಿಲೀಟರ್ ಬರೀ ಡಿಸ್ಟಿಲ್ಡ್ ನೀರು ಹಾಕಲೇಬೇಕು. ಬ್ಯಾಟರಿಗೆಂದು ಮಾರುವ ಕ್ಯಾನ್ ನೀರು ಇದಕ್ಕಾಗದು. ಅದರ ಶುದ್ಧತೆಗೆ ಖಾತ್ರಿಯಿಲ್ಲ.

ಕುಂಡಕ್ಕೆ ಮಣ್ಣು ತುಂಬಿ ಮೇಲಿಂದ ದ್ರಾವಣ ಸುರಿಯುವ ಅಡ್ಡದಾರಿ ಎಲ್ಲರಿಗೂ ಪ್ರಿಯ. ಎರೆಮಣ್ಣಿನಲ್ಲಿ ಅದು ಶುದ್ಧ ತಪ್ಪು. ಜೇಡಿಯೂ ಸುಣ್ಣದ ಅಂಶವೂ ತುಂಬಿದ ಈ ಕ್ಷಾರ ಮಣ್ಣು ಕ್ಯಾಡ್ಮಿಯಂ ಅನ್ನು ಮೇಲಿನ ಎರಡು ಬೆರಳಿನಷ್ಟರಲ್ಲೇ ಹಿಡಿದಿಟ್ಟುಬಿಡುತ್ತದೆ. ಬೇರು ಕೆಳಗೆ ಇಳಿದಮೇಲೆ ಅದಕ್ಕೆ ಲೋಹವೇ ಸಿಗುವುದಿಲ್ಲ. ಇಲ್ಲವೇ ದ್ರಾವಣ ಬಿರುಕಿನಲ್ಲಿ ಜಾರಿ ತಳ ಸೇರುತ್ತದೆ. ಅದರ ಬದಲು ಪ್ರತಿ ಕುಂಡದ 5 ಕಿಲೋ ಒಣಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ. ದ್ರಾವಣವನ್ನು 40 ಮಿಲಿಲೀಟರಿನಂತೆ ಐದು ಸಲ, ಒತ್ತುಬಾಟಲಿಯಿಂದ ಹನಿಹನಿಯಾಗಿ ಹಾಕಿ. ಸ್ಪ್ರೇ ಬೇಡ, ಅದರ ಮಂಜು ಉಸಿರಿಗೆ ಹೋಗುತ್ತದೆ. ಪ್ರತಿ ಸಲವೂ ಹಾಳೆಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಎತ್ತಿ ಮಣ್ಣನ್ನು ಮಗುಚಿ. ಮಣ್ಣು ಉಂಡೆ ಕಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಒಂದಿಷ್ಟು ಆರಲು ಬಿಟ್ಟು, ಉಂಡೆ ಒಡೆದು ಮುಂದುವರಿಯಿರಿ. ಉಂಡೆಯ ಹೊರಮೈಯಲ್ಲಷ್ಟೇ ಲೋಹ, ಒಳಗೆ ಏನೂ ಇಲ್ಲ ಎಂಬಂತಾಗಬಾರದು.

ಬೆರೆಸಿದ ದಿನವೇ ಸಸಿ ನೆಡಬೇಡಿ. ಹೊಸದಾಗಿ ಬಿದ್ದ ಉಪ್ಪು ಪೂರ್ತಿ ಸಡಿಲವಾಗಿರುವುದರಿಂದ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಲ್ಕು ವಾರ ತೇವದಲ್ಲಿಟ್ಟು ವಾರಕ್ಕೊಮ್ಮೆ ಮಗುಚಿ. ತೇವ ಎಷ್ಟೆಂದು ತಿಳಿಯಲು, ಫಿಲ್ಟರ್ ಕಾಗದ ಹಾಕಿದ ಆಲಿಕೆಯಲ್ಲಿ 100 ಗ್ರಾಂ ಒಣಮಣ್ಣಿಗೆ 100 ಮಿಲಿಲೀಟರ್ ನೀರು ಹಾಕಿ ರಾತ್ರಿಯಿಡೀ ಸೋರಲು ಬಿಡಿ. 40 ಮಿಲಿಲೀಟರ್ ಸೋರಿದರೆ ಮಣ್ಣು ಹಿಡಿದದ್ದು 60. 5 ಕಿಲೋಗೆ 3 ಲೀಟರ್. ಮಣ್ಣಿನಲ್ಲಿ ಇರಬೇಕಾದ ತೇವ ಅದರ 60 ಶೇಕಡಾ, ಎಂದರೆ 1.8 ಲೀಟರ್. ದ್ರಾವಣದ 200 ಮಿಲಿಲೀಟರ್ ಇದರೊಳಗೇ ಸೇರಿದೆ.

ನಾಲ್ಕನೆಯ ವಾರ ಒಂದೇ ಪ್ರಮಾಣದ ಮೂರು ಕುಂಡಗಳಿಂದ ಮಣ್ಣು ತೆಗೆದು ಡಿಟಿಪಿಎ (ಮಣ್ಣಿನಿಂದ ಲೋಹವನ್ನು ಸೆಳೆದು ತೆಗೆಯುವ ರಾಸಾಯನಿಕ) ಪರೀಕ್ಷೆ ಮಾಡಿಸಿ: 10 ಗ್ರಾಂ ಮಣ್ಣು, 20 ಮಿಲಿಲೀಟರ್ ಡಿಟಿಪಿಎ ದ್ರಾವಣ, ಎರಡು ಗಂಟೆ ಕುಲುಕಾಟ. ಗಿಡಕ್ಕೆ ದಕ್ಕುವ ಲೋಹದ ಅಂದಾಜು ಇದರಿಂದ ಸಿಗುತ್ತದೆ. ಮೂರರ ಅಂಕಿಗಳು ದೂರ ದೂರ ಬಿದ್ದರೆ ಬೆರಕೆ ಸರಿಯಾಗಿಲ್ಲ. ಹಾಳೆ ಹರಡಿ ಮತ್ತೆ ಮಗುಚಿ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಇದೇ ಪ್ರಯೋಗ ಮಾಡುವವರು ಕಲಬುರಗಿಯ ಎರೆಮಣ್ಣಿಗೆ ಹೇಳಿದ ಈ ಪ್ರಮಾಣವನ್ನೇ ನಕಲು ಮಾಡಬಾರದು. ಮಣ್ಣು ಹುಳಿಯತ್ತ ವಾಲಿದಷ್ಟೂ ಅದೇ 10 ಮಿಲಿಗ್ರಾಂನಿಂದ ಗಿಡಕ್ಕೆ ಹೆಚ್ಚು ದಕ್ಕುತ್ತದೆ.

ಗಿಡ, ನೀರು, ಎಲೆ

ಒಂದೇ ತಾಯಿಗಿಡದ ಬೀಜದಿಂದ ಎಬ್ಬಿಸಿದ, ಒಂದೇ ಎತ್ತರದ ಸಸಿಗಳನ್ನು ಕುಂಡಕ್ಕೆ ಒಂದರಂತೆ ನೆಡಿ. ಕೃಷ್ಣ ತುಳಸಿಯನ್ನೂ ರಾಮ ತುಳಸಿಯನ್ನೂ ಬೆರೆಸಬೇಡಿ. ದಿನವೂ ಕುಂಡ ತೂಗಿ, ಕಡಿಮೆಯಾದಷ್ಟೇ ನೀರು ಕೊಡಿ. ಅಂದಾಜಿನ ಮೇಲೆ ತಂಬಿಗೆಯಿಂದ ಹಾಕಿದರೆ ದೊಡ್ಡ ಗಿಡ ಬಾಯಾರುತ್ತದೆ, ಕುಗ್ಗಿದ ಗಿಡ ಕೆಸರಿನಲ್ಲಿ ನಿಲ್ಲುತ್ತದೆ. ಮಣ್ಣು ಕುಂಡದ ಅಂಚು ಬಿಟ್ಟು ಸೀಳಿದರೆ ಕಡ್ಡಿಯಿಂದ ಬಿರುಕು ಮುಚ್ಚಿ ಆಮೇಲೆ ನೀರು ಹನಿಸಿ. ಹೂಗೊಂಚಲು ಬಂದ ಹಾಗೆ ಚಿವುಟಿ.

ಎಲ್ಲ ಗಿಡಗಳಿಂದಲೂ ಬೆಳಗಿನ ಒಂದೇ ಹೊತ್ತಿನಲ್ಲಿ, ತುದಿಯಿಂದ ಮೂರನೆಯ ಮತ್ತು ನಾಲ್ಕನೆಯ ಜೋಡಿ ಎಲೆಗಳನ್ನು ಕೊಯ್ಯಿರಿ. ಎಳೆಯ ಎಲೆ, ಬಲಿತ ಎಲೆಗಳಲ್ಲಿ ಎಣ್ಣೆಯೂ ಅದರಲ್ಲಿನ ಯೂಜಿನಾಲ್ ಎಂಬ ಘಟಕದ ಪಾಲೂ ಬೇರೆ. ಲೋಹ ಅಳೆಯುವ ಎಲೆಗಳನ್ನು ಚೆನ್ನಾಗಿ ತೊಳೆಯಿರಿ. ಶಹಾಬಾದ್, ಸೇಡಂ ಕಡೆ ಕಲ್ಲಿನ, ಸಿಮೆಂಟಿನ ದೂಳು ಎಲೆಯ ರೋಮಗಳಲ್ಲಿ ಕೂತಿರುತ್ತದೆ. ಅವನ್ನು 65 ಡಿಗ್ರಿಯಲ್ಲಿ ಒಣಗಿಸಿ. ಎಣ್ಣೆ ತೆಗೆಯುವ ಎಲೆಯನ್ನು ಮಾತ್ರ ತಿಕ್ಕಬೇಡಿ, ಬಿಸಿಲಿಗೆ ಹಾಕಬೇಡಿ. ಎಣ್ಣೆಯ ಗ್ರಂಥಿಗಳು ಎಲೆಯ ಮೇಲ್ಮೈಯಲ್ಲೇ ಇವೆ.

ಫೀನಾಲ್ ಅಳೆಯಲು ಫೋಲಿನ್ ವಿಧಾನ: ಫೋಲಿನ್ ದ್ರಾವಣ ಹಾಕಿದಾಗ ಬರುವ ನೀಲಿ ಬಣ್ಣವನ್ನು 765 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಅಳೆಯುವುದು. ವಿಟಮಿನ್ ಸಿ ಕೂಡ ಇದರಲ್ಲಿ ಬಣ್ಣ ಕೊಡುತ್ತದೆ, ಆದ್ದರಿಂದ ಬಂದ ಅಂಕಿಯೆಲ್ಲ ಫೀನಾಲ್ ಎಂದು ಬರೆಯಬೇಡಿ.

ಫಲಿತಾಂಶವನ್ನು ಗ್ರಾಂ ಲೆಕ್ಕದಲ್ಲೂ ಗಿಡದ ಲೆಕ್ಕದಲ್ಲೂ ಕೊಡಿ. ಗ್ರಾಂಗೆ 20 ಮಿಲಿಗ್ರಾಂ ಇದ್ದ ಫೀನಾಲ್ 26ಕ್ಕೆ ಏರಿತು, ಆದರೆ ಒಣ ಎಲೆಯ ತೂಕ ಗಿಡಕ್ಕೆ 10 ಗ್ರಾಂನಿಂದ 6ಕ್ಕೆ ಇಳಿಯಿತು ಎಂದುಕೊಳ್ಳಿ. ಗಿಡದ ಒಟ್ಟು ಫೀನಾಲ್ 200ರಿಂದ 156ಕ್ಕೆ ಇಳಿಯಿತು. ಏರಿದ್ದನ್ನಷ್ಟೇ ಬರೆದು ಲೋಹದಿಂದ ಔಷಧಗುಣ ಹೆಚ್ಚಿತು ಎನ್ನುವುದು ಅಪಾಯದ ಮಾತು. ಔಷಧಿ ಸಸ್ಯದ ಕಚ್ಚಾವಸ್ತುವಿನಲ್ಲಿ ಕ್ಯಾಡ್ಮಿಯಂ 0.3 ಪಿಪಿಎಂ (ಕಿಲೋಗೆ 0.3 ಮಿಲಿಗ್ರಾಂ) ದಾಟಬಾರದು. ಎಲೆಯ ಕ್ಯಾಡ್ಮಿಯಂ ಅಂಕಿಯನ್ನು ಫೀನಾಲ್ ಅಂಕಿಯ ಪಕ್ಕದಲ್ಲೇ, ಅದೇ ಕೋಷ್ಟಕದಲ್ಲಿ ಬರೆಯಿರಿ.

ಪ್ರಯೋಗ ಮುಗಿದ ಮೇಲೆ ಆ ಮಣ್ಣು ಹೊಲಕ್ಕೂ ಕೈತೋಟಕ್ಕೂ ಹೋಗಕೂಡದು, ಗಿಡ ಕಾಂಪೋಸ್ಟ್ ಗುಂಡಿಗೂ ಹೋಗಕೂಡದು. ಮಣ್ಣು, ಬೇರು, ಉಳಿದ ಎಲೆ, ಕೈಗವಸುಗಳನ್ನು ಎರಡು ಪದರದ ಚೀಲದಲ್ಲಿ ಕಟ್ಟಿ, ಕ್ಯಾಡ್ಮಿಯಂ ಎಂದೂ ತಾರೀಖನ್ನೂ ದಪ್ಪಕ್ಷರದಲ್ಲಿ ಬರೆದು ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಿ. ಕುಂಡ ತೊಳೆದ ನೀರನ್ನೂ ಡಬ್ಬಿಯಲ್ಲಿ ಹಿಡಿದು ಅದರ ಜೊತೆಗೇ ಕೊಡಿ.